ಹಳೆಯ ಪಿಕಪ್‌ನ ಬಾಗಿಲು ಕೂರಿಸುವ ಕ್ರಮ: ಗಾಳಿಯ ಸದ್ದಿಗೆ ರಬ್ಬರ್ ಕೊನೆಯ ಮದ್ದು

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಳೆಯ ಪಿಕಪ್ ಓಡಿಸಿದವರಿಗೆ, ವೇಗ 60 ದಾಟುತ್ತಿದ್ದಂತೆ ಬಾಗಿಲಿನ ಮೇಲ್ತುದಿಯಿಂದ ಏಳುವ ಸೀಟಿಯಂಥ ಸದ್ದು ಹೊಸದೇನಲ್ಲ. ಆಷಾಢದಲ್ಲಿ, ದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುವ ದಿನಗಳಲ್ಲಂತೂ ಪಕ್ಕದಲ್ಲಿ ಕುಳಿತವರ ಮಾತೂ ಕೇಳಿಸುವುದಿಲ್ಲ. ಆಗ ಹೆಚ್ಚಿನವರು ಅಂಗಡಿಗೆ ಹೋಗಿ, ಇದ್ದುದರಲ್ಲಿ ಅತಿ ದಪ್ಪನೆಯ ಬೀಡಿಂಗ್ ರಬ್ಬರ್ ತಂದು ಬಾಗಿಲಿನ ಸುತ್ತ ಅಂಟಿಸುತ್ತಾರೆ. ಅಂದಿನಿಂದ ಬಾಗಿಲು ಹಾಕಲು ಹೆಗಲು ಕೊಡಬೇಕಾಗುತ್ತದೆ. ಕೆಲವು ವಾರಗಳಲ್ಲಿ ರಬ್ಬರ್ ಚಪ್ಪಟೆಯಾಗಿ ಸದ್ದು ಮರಳಿ ಬರುತ್ತದೆ. ಅಷ್ಟು ಹೊತ್ತಿಗೆ ಪ್ರತಿ ಸಲ ಜಪ್ಪಿದ ಏಟಿಗೆ ಲಾಕೂ ಹಿಂಜೂ ಸಡಿಲವಾಗಿರುತ್ತವೆ. ಸಂದು ಸರಿಯಿಲ್ಲದ ಬಾಗಿಲಿಗೆ ಯಾವ ರಬ್ಬರೂ ಹೊಂದುವುದಿಲ್ಲ. ಆದ್ದರಿಂದ ಮೊದಲು ಬಾಗಿಲು, ನಂತರ ಲಾಕ್, ಕೊನೆಗೆ ರಬ್ಬರ್ ಎಂಬ ಕ್ರಮವನ್ನು ತಪ್ಪಿಸಬಾರದು.

ಕೆಲಸಕ್ಕೆ ಕೈ ಹಾಕುವ ಮುನ್ನ ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ಪತ್ತೆ ಮಾಡಿಕೊಳ್ಳಬೇಕು. ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪನ್ನು ಎಡಬಾಗಿಲಿನ ಎಲ್ಲ ಸಂದುಗಳ ಮೇಲೂ, ಗಾಜಿನ ಅಂಚಿನ ಮೇಲೂ ಹೊರಗಿನಿಂದ ಅಂಟಿಸಿ ಹೆದ್ದಾರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ, ಒಂದೊಂದೇ ಪಟ್ಟಿಯನ್ನು ಕಿತ್ತು ಮತ್ತೆ ಓಡಿಸಿ. ಯಾವ ಪಟ್ಟಿ ಕಿತ್ತಾಗ ಸದ್ದು ಮರಳುತ್ತದೆಯೋ ಅಲ್ಲಿದೆ ದೋಷ. ಬಲಬಾಗಿಲಿಗೆ ಟೇಪ್ ಹಾಕುವಾಗ ಚಾಲಕ ಎಡಬಾಗಿಲಿನಿಂದ ಇಳಿಯುವಂತಿರಬೇಕು. ಎರಡನ್ನೂ ಒಟ್ಟಿಗೆ ಮುಚ್ಚಬಾರದು. ನಮ್ಮ ಕಡೆ ಮುಂಗಾರಿನ ಗಾಳಿ ಪಡುವಣದಿಂದ ರಸ್ತೆಗೆ ಅಡ್ಡಲಾಗಿ ಬೀಸುವುದರಿಂದ, ದುರ್ಗಕ್ಕೆ ಹೋಗುವಾಗ ಬಲಬಾಗಿಲಿಗೆ ಬಡಿಯುವ ಗಾಳಿ ಮರಳುವಾಗ ಎಡಬಾಗಿಲಿಗೆ ಬಡಿಯುತ್ತದೆ. ಹೀಗಾಗಿ ಎರಡೂ ದಿಕ್ಕಿನಲ್ಲಿ ಓಡಿಸಿ ನೋಡದೆ ತೀರ್ಮಾನಕ್ಕೆ ಬರಬೇಡಿ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಎಂದರೆ 80ರಲ್ಲಿ ಅದು 40ರಲ್ಲಿರುವುದಕ್ಕಿಂತ ನಾಲ್ಕು ಪಟ್ಟು. ಊರೊಳಗೆ ಓಡಿಸಿ ಪರೀಕ್ಷಿಸುವುದು ವ್ಯರ್ಥ.

ಇನ್ನು ಬಾಗಿಲನ್ನು ಅರ್ಧ ತೆರೆದು, ಅದರ ಹಿಂತುದಿಯನ್ನು ಹಿಡಿದು ಮೇಲಕ್ಕೆ ಎತ್ತಿ. ಅದು ಹಿಂಜ್‌ನಲ್ಲಿ ಲೊಡಲೊಡ ಎಂದರೆ ಪಿನ್ ಅಥವಾ ಬುಷ್ ಸವೆದಿದೆ ಎಂದರ್ಥ. ಬದಲಾಯಿಸಿ, ಹೊಸದು ಸಿಗದಿದ್ದರೆ ಲೇತ್‌ನಲ್ಲಿ ಮಾಡಿಸಿ. ಕ್ಯಾಬಿನ್ ಕೂರುವ ರಬ್ಬರ್ ಬುಷ್‌ಗಳು ಜಜ್ಜಿಹೋಗಿದ್ದರೆ ಅವನ್ನೂ ಈಗಲೇ ಹಾಕಿಸಿ, ಏಕೆಂದರೆ ಅವು ಕುಸಿದಾಗ ಬಾಗಿಲಿನ ಚೌಕಟ್ಟೇ ಓರೆಯಾಗುತ್ತದೆ. ವರ್ಷಗಟ್ಟಲೆ ಮೆಕ್ಕೆಜೋಳ, ಅಡಿಕೆ ಹೊತ್ತ ಗಾಡಿಗಳಲ್ಲಿ ಇದು ಸಾಮಾನ್ಯ.

ಈಗ ಬರುವುದು ಹೆಚ್ಚಿನವರು ಕೆಡಿಸುವ ಹಂತ. ಮೊದಲು ಹಳೆಯ ಬೀಡಿಂಗನ್ನು ಪೂರ್ತಿ ಕಿತ್ತು ಹಾಕಿ, ಬಾಗಿಲಿನ ಹಿಂಬದಿಯ ಕಂಬದ ಮೇಲಿರುವ, ಲಾಕ್ ಕಚ್ಚಿಕೊಳ್ಳುವ ಕೊಂಡಿಯನ್ನೂ ಬಿಚ್ಚಿಡಿ. ಇವೆರಡೂ ಇದ್ದರೆ ಬಾಗಿಲು ತನ್ನ ಸ್ಥಾನವನ್ನು ತಾನು ತೋರಿಸುವುದಿಲ್ಲ. ಕೊಂಡಿ ಅದನ್ನು ಎತ್ತಿ ಹಿಡಿದಿರುತ್ತದೆ, ರಬ್ಬರ್ ಅದನ್ನು ಹೊರಕ್ಕೆ ತಳ್ಳಿರುತ್ತದೆ. ಬಳಿಕ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಸುತ್ತಲಿನ ಸಂದನ್ನು ಅಳೆಯಿರಿ. ಇದಕ್ಕೆ ವಿಶೇಷ ಸಲಕರಣೆ ಬೇಡ. 4 ಮತ್ತು 5 ಮಿ.ಮೀ. ಡ್ರಿಲ್ ಬಿಟ್‌ಗಳ ಬುಡವನ್ನು ಸಂದಿನಲ್ಲಿ ಆಡಿಸಿದರೆ ಸಾಕು. ಹಳೆಯ ಪಿಕಪ್‌ನಲ್ಲಿ ಸುತ್ತಲೂ ಸುಮಾರು 5 ಮಿ.ಮೀ. ಸಂದು ಸಮನಾಗಿ ದೊರೆತರೆ ಅದಕ್ಕಿಂತ ಹೆಚ್ಚು ಬಯಸುವ ಅಗತ್ಯವಿಲ್ಲ.

ಬಾಗಿಲು ಜೋತಿದ್ದರೆ ಮುಂದಿನ ಸಂದು ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿರುತ್ತದೆ, ಹಿಂದಿನ ಸಂದು ಇದಕ್ಕೆ ತಿರುಗುಮುರುಗಾಗಿ ಮೇಲೆ ಕಿರಿದು, ಕೆಳಗೆ ಅಗಲ. ಇಂಥ ಬಾಗಿಲಿನ ಅಂಚನ್ನು ಗ್ರೈಂಡರ್‌ನಿಂದ ಸವರುವವರನ್ನು, ಮಳೆಗಾಲದಲ್ಲಿ ಉಬ್ಬಿದ ಮನೆಬಾಗಿಲಿಗೆ ತೋಪಡ ಹೊಡೆದಂತೆ ಕೆಲಸ ಮುಗಿಸುವವರನ್ನು ನಾನು ಕಂಡಿದ್ದೇನೆ. ತಗಡು ಮರವಲ್ಲ, ಸವರಿದ ಅಂಚು ತುಕ್ಕಿಗೆ ತೆರೆದ ಬಾಯಿ. ಮಾಡಬೇಕಾದದ್ದು ಇಷ್ಟು: ಹಿಂದಿನ ರಾತ್ರಿಯೇ ಹಿಂಜ್ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಿಗ್ಗೆ ಹಿಂಜ್‌ನ ಸುತ್ತ ಮೊಳೆಯಿಂದ ಸಣ್ಣ ಗೆರೆ ಎಳೆದು ಗುರುತು ಮಾಡಿ. ಜಾಕಿಯ ಮೇಲೆ ಮರದ ಹಲಗೆ, ಅದರ ಮೇಲೆ ಹಳೆಯ ಕಂಬಳಿ ಇಟ್ಟು ಬಾಗಿಲಿನ ಭಾರವನ್ನು ಅದಕ್ಕೆ ವಹಿಸಿ, ಒಂದು ಹಿಂಜ್‌ನ ಬೋಲ್ಟ್‌ಗಳನ್ನು ಮಾತ್ರ ಸಡಿಲಿಸಿ. ಎರಡನ್ನೂ ಒಟ್ಟಿಗೆ ಸಡಿಲಿಸಿದರೆ ಹಿಡಿತ ತಪ್ಪುತ್ತದೆ, ಎಳೆದ ಗೆರೆಯೂ ಉಪಯೋಗಕ್ಕೆ ಬಾರದು.

ಹಿಂಜ್ ಮುಂದಿನ ಕಂಬಕ್ಕೆ ಎದುರಾಗಿ ಕೂರುವ ಗಾಡಿಗಳಲ್ಲಿ ಕೆಳಗಿನ ಹಿಂಜ್‌ನ ಹಿಂದೆ ತಗಡಿನ ಪ್ಯಾಕಿಂಗ್ ಕೊಟ್ಟರೆ ಬಾಗಿಲಿನ ಹಿಂತುದಿ ಏಳುತ್ತದೆ. ಮೇಲಿನದಕ್ಕೆ ಕೊಟ್ಟರೆ ಇಳಿಯುತ್ತದೆ. ಎರಡು ಹಿಂಜ್‌ಗಳ ನಡುವೆ 40 ಸೆಂ.ಮೀ. ಅಂತರವಿದ್ದು ಬಾಗಿಲು 1 ಮೀಟರ್ ಅಗಲವಿದ್ದರೆ, ಕೇವಲ 1 ಮಿ.ಮೀ. ಪ್ಯಾಕಿಂಗ್ ಹಿಂತುದಿಯನ್ನು 2.5 ಮಿ.ಮೀ. ಎತ್ತುತ್ತದೆ. ಎಂದ ಮೇಲೆ ಒಮ್ಮೆಗೇ ಮೂರು ವಾಷರ್ ತುರುಕುವುದು ಬೇಡ. ಪ್ರತಿ ಸಲವೂ ಬೋಲ್ಟ್ ಪೂರ್ತಿ ಬಿಗಿ ಮಾಡಿ, ಜಾಕಿ ಇಳಿಸಿ, ಬಾಗಿಲು ಮುಚ್ಚಿ ನೋಡಿ. ಅರೆಬಿಗಿಯಲ್ಲಿ ತೆಗೆದ ಅಳತೆ ಸುಳ್ಳು ಹೇಳುತ್ತದೆ. ಒಂದು ಬಾಗಿಲಿಗೆ ಅರ್ಧ ದಿನ ಹಿಡಿದರೆ ಅದು ನಿಧಾನವಲ್ಲ.

ಗಾಳಿ ನುಗ್ಗುವ ನಿಜವಾದ ಜಾಗ ಹಿಂಬದಿಯ ಮೇಲ್ಮೂಲೆ. ಗಾಡಿ ಓಡುವಾಗ ಗಾಜಿನ ಹೊರಮೈಯಲ್ಲಿ ಒತ್ತಡ ತಗ್ಗುವುದರಿಂದ ಬಾಗಿಲಿನ ಮೇಲಿನ ಚೌಕಟ್ಟು ಹೊರಕ್ಕೆ ಸೆಳೆಯಲ್ಪಡುತ್ತದೆ. ನಿಂತಾಗ ಸರಿಯಾಗಿ ಕಂಡ ಬಾಗಿಲು 80ರಲ್ಲಿ ಬಾಯಿ ಬಿಡುವುದು ಇದರಿಂದಲೇ. ಆ ಮೂಲೆ ಹೊರಗೆ ನಿಂತಿದ್ದರೆ ಚೌಕಟ್ಟನ್ನು ಬಗ್ಗಿಸುವ ಮುನ್ನ ಇನ್ನೊಂದು ಉಪಾಯ ಮಾಡಿ ನೋಡಿ: ಕೆಳಗಿನ ಹಿಂಜನ್ನು ಸ್ವಲ್ಪ ಹೊರಕ್ಕೆ ಸರಿಸಿ. ಲಾಕ್ ಮತ್ತು ಮೇಲಿನ ಹಿಂಜ್ ಸ್ಥಿರವಾಗಿರುವುದರಿಂದ, ಕೆಳಗಿನ ಮುಂದಿನ ಮೂಲೆ ಹೊರಬಂದಷ್ಟಕ್ಕೆ ಮೇಲಿನ ಹಿಂದಿನ ಮೂಲೆ ಒಳಕ್ಕೆ ಹೋಗುತ್ತದೆ. ಮಂಚದ ಒಂದು ಕಾಲಿಗೆ ಚಕ್ಕೆ ಕೊಟ್ಟರೆ ಎದುರು ಮೂಲೆ ತಗ್ಗುವ ಲೆಕ್ಕವೇ ಇದು. ಇಷ್ಟಕ್ಕೂ ಬಗ್ಗದಿದ್ದರೆ ಮಾತ್ರ ಗಾಜನ್ನು ಪೂರ್ತಿ ಕೆಳಗಿಳಿಸಿ, ಬಾಗಿಲು ಮತ್ತು ಕಂಬದ ನಡುವೆ ಲಾಕ್‌ನ ಮೇಲ್ಭಾಗದಲ್ಲಿ ಬಟ್ಟೆ ಸುತ್ತಿದ ಮರದ ತುಂಡಿಟ್ಟು, ಚೌಕಟ್ಟಿನ ಮೇಲ್ತುದಿಯನ್ನು ಎರಡೂ ಅಂಗೈಗಳಿಂದ ಒಳಕ್ಕೆ ಒತ್ತಿ. ಸ್ವಲ್ಪ ಒತ್ತಿ ಬಿಟ್ಟು ಅಳೆಯಿರಿ, ಮತ್ತೆ ಒತ್ತಿ. ಸುತ್ತಿಗೆಯ ಹತ್ತಿರ ಹೋಗಬೇಡಿ. ಚೌಕಟ್ಟಿನಲ್ಲಿ ಹಳೆಯ ಬೆಸುಗೆಯೋ ಪುಟ್ಟಿಯೋ ಇದ್ದರೆ ಈ ಕೆಲಸವನ್ನು ಟಿಂಕರಿಂಗ್ ಬಲ್ಲವರಿಗೆ ಬಿಡುವುದೇ ಲೇಸು.

ಈಗ ಕೊಂಡಿಯನ್ನು ಮರಳಿ ಹಾಕಿ. ಬಾಗಿಲು ಮುಚ್ಚುವಾಗ ಅದು ಏಳಲೂಬಾರದು, ಇಳಿಯಲೂಬಾರದು. ಎರಡು ಬೆರಳಿನಿಂದ ತಳ್ಳಿದರೆ ಲಾಕ್‌ನ ಎರಡೂ ಹಲ್ಲು ಕಚ್ಚಿಕೊಳ್ಳಬೇಕು.

ರಬ್ಬರ್ ಆರಿಸುವಾಗ ಒಳಗೆ ಟೊಳ್ಳಿರುವ ಮೆತ್ತನೆಯ ಸ್ಪಂಜ್ ರಬ್ಬರನ್ನೇ ಕೊಳ್ಳಿ. ಮೀಟರ್ ಲೆಕ್ಕದಲ್ಲಿ ಅಗ್ಗಕ್ಕೆ ಮಾರುವ ಗಟ್ಟಿ ರಬ್ಬರ್ ಬೆರಳಿನಿಂದ ಹಿಸುಕಿದರೂ ಬಗ್ಗುವುದಿಲ್ಲ. ಅದು ಬಾಗಿಲಿಗಲ್ಲ, ಬೇರೆ ಯಾವುದಕ್ಕೋ ಮಾಡಿದ ಸರಕು. ಹಿಂದೆ ಅಂಟು ಪಟ್ಟಿ ಇರುವ ಸ್ಪಂಜೂ ಬೇಡ, ನಮ್ಮ ಬೇಸಿಗೆಯ ಬಿಸಿಲಿಗೆ ಅದು ಕಳಚಿ ನೇತಾಡುತ್ತದೆ. ಸಿಲಿಕಾನ್ ಸೀಲೆಂಟ್ ಬಳಿಯುವವರಿಗಂತೂ ಮುಂದೆ ಆ ಜಾಗಕ್ಕೆ ಬಣ್ಣ ಹಿಡಿಯದಿದ್ದಾಗಲೇ ತಪ್ಪಿನ ಅರಿವಾಗುತ್ತದೆ. ಹಳೆಯ ಅಂಟನ್ನು ಪೂರ್ತಿ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿಸಿದ ಮೇಲೆ ರಬ್ಬರ್ ಗಮ್ ಹಚ್ಚಿ. ಮೂಲೆಗಳಲ್ಲಿ ರಬ್ಬರನ್ನು ಎಳೆದು ಕೂರಿಸಿದರೆ ಅದು ತೆಳುವಾಗಿ ಅಲ್ಲಿಯೇ ಗಾಳಿ ನುಸುಳುತ್ತದೆ, ಆದ್ದರಿಂದ ತುಸು ಸಡಿಲವಾಗಿಯೇ ಒತ್ತುತ್ತ ಹೋಗಿ. ಎರಡು ತುದಿಗಳ ಜೋಡಣೆ ಬಾಗಿಲಿನ ಕೆಳಭಾಗದಲ್ಲಿ ಬರಲಿ. ತಳದಲ್ಲಿರುವ ನೀರಿಳಿಯುವ ರಂಧ್ರಗಳನ್ನು ಮುಚ್ಚಬೇಡಿ.

ರಬ್ಬರ್ ಎಲ್ಲೆಡೆ ತಾಗುತ್ತಿದೆಯೇ ಎಂದು ತಿಳಿಯಲು ನಾನು ಬಳಸುವುದು ವಿಭೂತಿ. ರಬ್ಬರಿನ ಮೇಲೆ ತೆಳುವಾಗಿ ಸವರಿ, ಬಾಗಿಲು ಒಮ್ಮೆ ಮುಚ್ಚಿ ತೆಗೆದರೆ ಎದುರಿನ ಚೌಕಟ್ಟಿನ ಮೇಲೆ ಬಿಳಿ ಗೆರೆ ಮೂಡುತ್ತದೆ. ಗೆರೆ ಕಡಿದ ಜಾಗದಲ್ಲಿ ಗಾಳಿಗೆ ದಾರಿಯಿದೆ. ಸಂಶಯವಿದ್ದಲ್ಲಿ ಹತ್ತು ರೂಪಾಯಿಯ ನೋಟನ್ನು ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ, ಅದು ಸಲೀಸಾಗಿ ಜಾರಿ ಬರಬಾರದು. ರಬ್ಬರಿಗೆ ಗ್ರೀಸ್, ಡೀಸೆಲ್ ಹಚ್ಚುವ ಅಭ್ಯಾಸ ಬಿಡಬೇಕು, ಪೆಟ್ರೋಲಿಯಂ ಎಣ್ಣೆಗೆ ಈ ಬಗೆಯ ರಬ್ಬರ್ ಉಬ್ಬಿ ಹಾಳಾಗುತ್ತದೆ. ಗ್ಲಿಸರಿನ್ ಒಳ್ಳೆಯದು.

ಗಾಜು ಜಾರುವ ಚಾನೆಲ್‌ನ ಮಖಮಲ್ ಸವೆದು ಗಾಜು ಅಲುಗುತ್ತಿದ್ದರೆ ಅದನ್ನೂ ಬದಲಿಸಿ. ಮುಂದಿನ ತ್ರಿಕೋನ ಗಾಜಿನ ರಬ್ಬರ್ ಹಳೆಯ ಗಾಡಿಗಳಲ್ಲಿ ಬಹುತೇಕ ಒಡೆದಿರುತ್ತದೆ. ಕ್ಲಚ್, ಬ್ರೇಕ್ ಪೆಡಲ್‌ಗಳ ಬುಡದಲ್ಲಿ ಮತ್ತು ಸ್ಟೇರಿಂಗ್ ಕಂಬ ನೆಲವನ್ನು ತೂರುವಲ್ಲಿ ಇರಬೇಕಾದ ರಬ್ಬರ್ ಮುಚ್ಚಳಗಳು ಬಿದ್ದುಹೋಗಿದ್ದರೆ, ಅಲ್ಲಿಂದ ನುಗ್ಗುವ ಗಾಳಿಯೇ ಬಾಗಿಲಿನ ಸಂದುಗಳಲ್ಲಿ ಹೊರಹೋಗುತ್ತ ಸದ್ದು ಮಾಡುತ್ತಿರಬಹುದು. ನೂರು ಕಿಲೋಮೀಟರ್ ಓಡಿದ ಮೇಲೆ ಹಿಂಜ್ ಮತ್ತು ಕೊಂಡಿಯ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಮಾಸ್ಕಿಂಗ್ ಟೇಪ್ ಹಿಡಿದು ಅದೇ ಹೆದ್ದಾರಿಗೆ ಹೋಗಿ. ಬಾಗಿಲಿನ ಸಂದುಗಳನ್ನೆಲ್ಲ ಟೇಪಿನಿಂದ ಮುಚ್ಚಿದರೂ ಸದ್ದು ಉಳಿದರೆ ಅದು ಕನ್ನಡಿಯದೋ ಮೇಲಿನ ಕ್ಯಾರಿಯರ್‌ನದೋ ಆಗಿರುತ್ತದೆ, ಬಾಗಿಲನ್ನು ಮತ್ತೆ ಮುಟ್ಟಬೇಡಿ.