ಡ್ರಾಯಿಂಗ್ ಶೀಟಿನ ಅಂಚಿನಾಚೆ

ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನಮಗೊಂದು ಜಂಟಿ ಪ್ರಾಜೆಕ್ಟ್ ಇತ್ತು. ಜೋರು ಮಳೆ ಬಂದಾಗಲೆಲ್ಲ ನೀರು ನುಗ್ಗುವ ಒಂದು ಬಡಾವಣೆಗೆ ದಾರಿ ಹುಡುಕಬೇಕು. ತಂಡದಲ್ಲಿ ನಾಲ್ವರು: ನಾನು, ಪರಿಸರ ವಿಜ್ಞಾನದ ಒಬ್ಬಳು, ಸಂಖ್ಯಾಶಾಸ್ತ್ರದ ಒಬ್ಬಳು, ಸಮಾಜಶಾಸ್ತ್ರದ ಒಬ್ಬ.

ಮೊದಲ ವಾರವೇ ನನ್ನ ಲೆಕ್ಕ ಮುಗಿದಿತ್ತು. 600 ಮಿ.ಮೀ. ಪೈಪ್ ತೆಗೆದು 900 ಹಾಕೋದು. ಇಳಿಜಾರು ಅಷ್ಟೇ ಇದ್ದರೂ, ವ್ಯಾಸ ಒಂದೂವರೆ ಪಟ್ಟಾದರೆ ಸಾಗುವ ನೀರು ಹತ್ತಿರ ಹತ್ತಿರ ಮೂರು ಪಟ್ಟಾಗುತ್ತದೆ. ‘100 ವರ್ಷಕ್ಕೊಮ್ಮೆ ಬರೋ ಮಳೆಯನ್ನೂ ತಡೆಯುತ್ತೆ’ ಅಂದೆ.

‘ಅಂಥ ಮಳೆ ಹೋದ ವರ್ಷ ಬಂದಿದ್ರೆ ಇನ್ನು 99 ವರ್ಷ ಚಿಂತೆ ಇಲ್ವಾ?’ ಅಂತ ಸಮಾಜಶಾಸ್ತ್ರದವನು ಕೇಳಿದ. ಹಾಗಲ್ಲ, ಪ್ರತಿ ವರ್ಷವೂ ನೂರಕ್ಕೆ ಒಂದು ಸಾಧ್ಯತೆ ಅಂತ ಅದರ ಅರ್ಥ ಎಂದೆ. ಸಂಖ್ಯಾಶಾಸ್ತ್ರದವಳು ಎದ್ದು ಬೋರ್ಡಿನ ಮೇಲೆ 0.99 ಅನ್ನು 30 ಸಲ ಗುಣಿಸಿ ತೋರಿಸಿದಳು. 0.74 ಬಂತು. ಅಂದರೆ ಮನೆ ಸಾಲ ತೀರಿಸುವ 30 ವರ್ಷದಲ್ಲಿ ಅಂಥ ಮಳೆ ಒಮ್ಮೆಯಾದರೂ ಬರುವ ಸಾಧ್ಯತೆ ಶೇ. 26. ಅದೂ ಮಳೆಯ ರೀತಿ ಬದಲಾಗದಿದ್ದರೆ ಮಾತ್ರ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ತೇವ ಹಿಡಿಯಬಲ್ಲದು. ನಾನು ಬಳಸಿದ್ದು ಹಳೆಯ ಮಳೆ ದಾಖಲೆ. ನಾಲ್ಕು ವರ್ಷ ‘100 ವರ್ಷಕ್ಕೊಮ್ಮೆ’ ಅನ್ನೋ ಪದ ಬಳಸಿದ್ದೆ, ಮನೆಯಲ್ಲಿ ಕೂತವರಿಗೆ ಅದು ಹೇಗೆ ಕೇಳಿಸುತ್ತೆ ಅಂತ ಯೋಚಿಸಿರಲಿಲ್ಲ.

ಇನ್ನೂ ದೊಡ್ಡ ಪ್ರಶ್ನೆ ಪರಿಸರ ವಿಜ್ಞಾನದವಳದು. ‘ನಿನ್ನ ಪೈಪಿನ ನೀರು ಆಮೇಲೆ ಎಲ್ಲಿಗೆ ಹೋಗುತ್ತೆ?’ ನನ್ನ ಡ್ರಾಯಿಂಗ್ ಶೀಟಿನ ಅಂಚಿಗೆ ಮುಗಿದಿತ್ತು. ಮಾರನೇ ದಿನ ನಾಲ್ವರೂ ಕಾಲುವೆ ಹಿಡಿದು ಕೆಳಗೆ ನಡೆದೆವು. ಅಂಚಿನಾಚೆ ಇನ್ನೊಂದು ಬಡಾವಣೆ ಇತ್ತು, ಇದಕ್ಕಿಂತ ತಗ್ಗಿನಲ್ಲಿ. ನಾನು ನೀರನ್ನು ಕಡಿಮೆ ಮಾಡಿರಲಿಲ್ಲ, ಅವರ ಮನೆಗೆ ಬೇಗ ತಲುಪಿಸುತ್ತಿದ್ದೆ.

ಅಲ್ಲಿಂದ ಮತ್ತೆ ಮೊದಲಿಂದ ಶುರು. ಕಾಂಕ್ರೀಟಿನ ಮೇಲೆ ಬಿದ್ದ ಮಳೆಯಲ್ಲಿ ಸುಮಾರು ಶೇ. 90 ಹರಿದುಹೋಗುತ್ತದೆ, ಹುಲ್ಲಿನ ಮೇಲಾದರೆ ಅದರಲ್ಲಿ ಸ್ವಲ್ಪ ಭಾಗ ಮಾತ್ರ. ಹಾಗಾದರೆ ನೀರನ್ನು ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿಸಬಹುದಲ್ವಾ? ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ 2013ರಲ್ಲಿ ತೆರೆದ ಬೆಂಥೆಮ್‌ಪ್ಲೇನ್ ಚೌಕ ನೆನಪಾಯಿತು. ಒಣ ದಿನಗಳಲ್ಲಿ ಅದು ಆಟದ ಅಂಗಳ, ಜೋರು ಮಳೆಗೆ ನೀರಿನ ತೊಟ್ಟಿ. ನಮ್ಮ ಬಡಾವಣೆಯಲ್ಲೂ 2,000 ಚದರ ಮೀಟರಿನ ಮೈದಾನವಿತ್ತು. 40 ಸೆಂ.ಮೀ. ತಗ್ಗಿಸಿದರೆ 8 ಲಕ್ಷ ಲೀಟರ್ ನೀರು ನಿಲ್ಲುತ್ತದೆ.

ನಡುವೆ ಜಗಳವೂ ಆಯಿತು. ಎರಡು ವಾರ ಸುಮ್ನೆ ವಾದ ಮಾಡಿದೆವು. ‘ತಾಳಿಕೆ’ ಅಂದರೆ ನನಗೆ ಪೈಪ್ ಒಡೆಯದೇ ಇರೋದು. ಪರಿಸರ ವಿಜ್ಞಾನದವಳಿಗೆ ನೆಲ, ಗಿಡ ಮತ್ತೆ ಚೇತರಿಸಿಕೊಳ್ಳೋದು. ಸಮಾಜಶಾಸ್ತ್ರದವನಿಗೆ ಮಾರನೇ ದಿನ ಜನ ಕೆಲಸಕ್ಕೆ ಹೋಗೋದು. ಕೊನೆಗೆ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಯಾವ ತಂಡವಾದರೂ ಇದನ್ನು ಮೊದಲ ದಿನವೇ ಮಾಡಿಬಿಡಬೇಕು.

ನಿಂತ ನೀರು ಎಂದರೆ ಸೊಳ್ಳೆ. ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರವಾದರೂ ಬೇಕು. ಆದ್ದರಿಂದ ಎರಡು ದಿನದೊಳಗೆ ಮೈದಾನ ಬರಿದಾಗಬೇಕು ಅಂತ ಇಟ್ಟುಕೊಂಡೆವು. ಲೆಕ್ಕ ಹಾಕಿದೆ: ಸೆಕೆಂಡಿಗೆ ಸರಾಸರಿ 5 ಲೀಟರಿಗೂ ಕಡಿಮೆ ಬಿಟ್ಟರೆ ಸಾಕು. ಆ ಹಳೆಯ 600ರ ಪೈಪಿಗೆ ಅದೊಂದು ಹೊರೆಯೇ ಅಲ್ಲ.

ಆದರೆ ನೀರು ಹೊರಹೋಗುವ ಅಷ್ಟು ಸಣ್ಣ ಬಾಯಿ ಎಲೆ, ಪ್ಲಾಸ್ಟಿಕ್ ಸಿಕ್ಕಿ ಬೇಗ ಕಟ್ಟಿಕೊಳ್ಳುತ್ತದೆ. ಚರಂಡಿ ಸ್ವಚ್ಛ ಮಾಡುವವರ ಜೊತೆ ಸಮಾಜಶಾಸ್ತ್ರದವನು ಒಂದು ಇಡೀ ಬೆಳಗ್ಗೆ ನಿಂತು ಬಂದ. ಬಗ್ಗಿ ಸಲಿಕೆ ಆಡಿಸಲು ಜಾಗವಿಲ್ಲ, ಅದಕ್ಕೇ ಮೂಲೆಯ ಹೂಳು ಹಾಗೇ ಉಳಿಯುತ್ತೆ ಅಂದರಂತೆ. ಕೊನೆಯ ಡ್ರಾಯಿಂಗಿನಲ್ಲಿ ಆ ಬಾಯಿಯ ಜಾಲರಿಯ ಪಕ್ಕ, ನಿಂತು ಸಲಿಕೆ ಆಡಿಸಲು ಒಂದು ಅಗಲವಾದ ಕಟ್ಟೆ ಇದೆ. ಅದರ ಅಳತೆ ಕೊಟ್ಟವನು ಅವನೇ.