ಪೇಪರ್ ಕಟಿಂಗ್ ಮೆಷಿನ್ ಬ್ಲೇಡು ಬೇಗ ಬಿಚ್ಚಿ ಸಾಣೆಗೆ ಕೊಡಿ, ಜಾಸ್ತಿ ದಿನ ಬರುತ್ತೆ

ನಮ್ ಮೈಸೂರು ಮಂಡ್ಯ ಕಡೆ ಪ್ರೆಸ್ಸು, ಬೈಂಡಿಂಗ್ ಇಟ್ಕೊಂಡಿರೋರು ಸುಮಾರು ಜನ ಬ್ಲೇಡು ಪೂರ್ತಿ ಮೊಂಡಾಗಿ ಪೇಪರ್ ಹರ್ಕೊಂಡು ಬರೋವರ್ಗೂ ಓಡಿಸ್ತಾರೆ, ಸಾಣೆ ದುಡ್ಡು ಉಳೀತು ಅಂತ. ಉಳಿಯಲ್ಲ ಕಣ್ರೀ. ಸ್ವಲ್ಪ ಮೊಂಡಾದಾಗ್ಲೇ ಕೊಟ್ರೆ ಗ್ರೈಂಡಿಂಗಲ್ಲಿ ಒಂಚೂರು ತೆಗೆದ್ರೆ ಸಾಕು, ಅಲಗು ಮುಕ್ಕಾದ್ಮೇಲೆ ಕೊಟ್ರೆ ಆ ಮುಕ್ಕು ಎಷ್ಟು ಆಳ ಇದ್ಯೋ ಅಷ್ಟನ್ನ ಈ ತುದಿಯಿಂದ ಆ ತುದಿವರ್ಗೂ ತೆಗೀಬೇಕು. ಒಂದೇ ಒಂದ್ ಕಡೆ ಪಿನ್ನು ಸಿಕ್ಕಿ ಅರ್ಧ ಎಂಎಂ ಮುಕ್ಕಾದ್ರೂ ಇಡೀ ಬ್ಲೇಡು ಅರ್ಧ ಎಂಎಂ ಸವೀತು ಅಂತಾನೇ ಲೆಕ್ಕ.

ಮೊಂಡಾಗಿದ್ಯಾ ಅಂತ ಬೆರಳಿಟ್ಟು ನೋಡೋಕೆ ಹೋಗ್ಬೇಡಿ, ಕಟ್ ಆದ ಪೇಪರ್ ನೋಡಿ ಸಾಕು. ಕಟ್ಟಿನ ಪಕ್ಕಕ್ಕೆ ಲೈಟ್ ಬೀಳೋ ಹಾಗೆ ಹಿಡ್ಕೊಂಡ್ರೆ ಮೇಲಿಂದ ಕೆಳಗೆ ಗೆರೆ ಕಾಣುತ್ತಲ್ಲ, ಅದು ಮುಕ್ಕಿನ ಗುರುತು. ಗೆರೆ ಇಲ್ದೆ ಬರೀ ಜುಂಗು ಜುಂಗಾಗಿದ್ರೆ, ಕಟ್ ಆದ ಹಾಳೆಗಳ ಅಂಚು ಒಂದಕ್ಕೊಂದು ಅಂಟ್ಕೊಂಡು ಬರ್ತಿದ್ರೆ ಹರಿತ ಹೋಗಿದೆ ಅಂತ. ಇನ್ನೊಂದು, ಕಟ್ಟಿನ ಮೇಲಿನ ಹಾಳೆ, ಕೆಳಗಿನ ಹಾಳೆ ಎರಡೂ ತೆಗೆದು ಒಂದರ ಮೇಲೊಂದು ಇಡಿ, ಸೈಜ್ ವ್ಯತ್ಯಾಸ ಬಂದ್ರೆ ಮೊದ್ಲು ಕ್ಲಾಂಪ್ (ಪೇಪರನ್ನ ಮೇಲಿಂದ ಒತ್ತಿ ಹಿಡಿಯೋ ಪಟ್ಟಿ) ಪ್ರೆಶರ್ ಚೆಕ್ ಮಾಡಿ, ಅದು ಸರಿಯಿದ್ದೂ ವ್ಯತ್ಯಾಸ ಬರ್ತಿದೆ ಅಂದ್ರೆ ಬ್ಲೇಡು ಬಿಚ್ಚಿ ಸಾಣೆಗೆ ಕೊಡೋ ಟೈಮ್ ಬಂತು.

ಕೊನೇ ಹಾಳೆ ಮಾತ್ರ ಕಟ್ ಆಗ್ತಿಲ್ಲ ಅಂದ್ರೆ? ಎಲ್ರೂ ತಕ್ಷಣ ಬ್ಲೇಡು ಇನ್ನೊಂಚೂರು ಕೆಳಗಿಳಿಸ್ತಾರೆ, ಇದೇ ದೊಡ್ಡ ಹಾಳು ಅಭ್ಯಾಸ. ಮೊದ್ಲು ಕೆಳಗಿರೋ ಕಟಿಂಗ್ ಸ್ಟಿಕ್ ನೋಡಿ, ಆ ಪ್ಲಾಸ್ಟಿಕ್ ಪಟ್ಟಿ. ಅದ್ರಲ್ಲಿ ಕಾಲುವೆ ತರ ಗುಂಡಿ ಬಿದ್ದಿರುತ್ತೆ, ಕೊನೇ ಹಾಳೆಗೆ ಕೆಳಗಡೆ ಆಸರೆನೇ ಇರಲ್ಲ, ಬಗ್ಗಿ ಒಳಗೆ ಹೋಗುತ್ತೆ. ಸ್ಟಿಕ್ ತಿರುಗಿಸಿ. ನಾಲ್ಕು ಮುಖ ಇದೆ, ತುದಿ ಅದಲು ಬದಲು ಮಾಡಿದ್ರೆ ಒಂದೊಂದು ಮುಖಕ್ಕೂ ಎರಡು ಗೆರೆ ಸಿಗುತ್ತೆ, ಒಟ್ಟು 8 ಸಲ ಬಳಸ್ಬಹುದು. ಬ್ಲೇಡು ಸ್ಟಿಕ್ಕಿಗೆ ಬರೀ ತಾಗಿ ಗುರುತು ಬಿದ್ರೆ ಸಾಕು, ಅರ್ಧ ಎಂಎಂಗಿಂತ ಆಳ ಹೋಗೋದು ಬೇಡ. ಆಳ ಹೋದಷ್ಟೂ ಪ್ರತಿ ಸಲ ಕಟ್ ಮಾಡ್ದಾಗ್ಲೂ ಅಲಗು ಪ್ಲಾಸ್ಟಿಕ್ಕನ್ನೂ ಕುಯ್ಯುತ್ತೆ, ಬೇಗ ಮೊಂಡಾಗುತ್ತೆ.

ಇನ್ನು ಅಲಗು ತಿನ್ನೋ ಮಾಲು ಅಂದ್ರೆ ಆರ್ಟ್ ಪೇಪರ್ (ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟು, ಜೇಡಿ ಕೋಟಿಂಗ್ ಇರುತ್ತೆ), ರದ್ದಿಯಿಂದ ಮಾಡಿದ ಗ್ರೇ ಬೋರ್ಡು, ಒಣಗಿದ ಗೋಂದು, ಪಿನ್ನು. ಗ್ರೇ ಬೋರ್ಡಲ್ಲಿ ಮರಳು ಕಣ ಕೂಡ ಇರ್ಬಹುದು, ಕಟ್ ಮಾಡೋ ಮುಂಚೆ ಒಂದ್ಸಲ ಕೊಡವಿ ಟೇಬಲ್ ಗುಡಿಸ್ಕೊಳ್ಳಿ. ಅಲಗಿಗೆ ಅಂಟು ಹಿಡಿದ್ರೆ ಕೆಲವ್ರು ಸಿಲಿಕಾನ್ ಸ್ಪ್ರೇ ಹೊಡೀತಾರೆ, ಆಮೇಲೆ ಲ್ಯಾಮಿನೇಶನ್ ಮಾಡೋ ಜಾಬ್ ಆದ್ರೆ ದಯವಿಟ್ಟು ಬೇಡ, ಫಿಲ್ಮ್ ಹಿಡಿಯಲ್ಲ. ಮೇಣ ಒಂಚೂರು ಸವರಿದ್ರೆ ಸಾಕು.

ಇನ್ನು ಸಾಣೆಗೆ ಕೊಡೋಕೆ ಬ್ಲೇಡು ಬಿಚ್ಚಿ ಇಳಿಸೋದು. ಇದನ್ನ ಅವಸರದಲ್ಲಿ ಮಾಡ್ಲೇಬೇಡಿ. ಬ್ಲೇಡು ಕೆಳಗೆ ತರೋವಾಗ ಮಾತ್ರ ಮ್ಯಾನ್ಯುಯಲ್ ಹೇಳಿದ ತರ ಮೆಷಿನ್ ಓಡ್ಸಿ, ಬೋಲ್ಟ್ ಬಿಚ್ಚೋಕೆ ಕೈ ಹಾಕೋ ಮುಂಚೆ ಮೇನ್ ಆಫ್ ಮಾಡಿ ಬೀಗ ಹಾಕಿ ಕೀ ನಿಮ್ ಜೇಬಲ್ಲಿಟ್ಕೊಳ್ಳಿ, ಪಕ್ಕದ ಹುಡುಗನ ಹತ್ರ ಅಲ್ಲ. ಮೊದ್ಲು ಬ್ಲೇಡಿಗೆ ಹಿಡಿ ಹಾಕಿ ಬಿಗಿ ಮಾಡ್ಕೊಂಡು ಆಮೇಲೆ ಬೋಲ್ಟ್ ಬಿಚ್ಚಿ, ಇಳಿದ ತಕ್ಷಣ ಮರದ ಕೇಸಿಗೆ ಹಾಕಿ. ಜಾರಿದ್ರೆ ಬಿಟ್ಬಿಡಿ, ಹಿಡಿಯೋಕೆ ಹೋಗ್ಬೇಡಿ, ಬ್ಲೇಡು ಇನ್ನೊಂದು ಸಿಗುತ್ತೆ ಕೈ ಸಿಗಲ್ಲ. ಎರಡೂ ಕೈಲಿ ಒತ್ತೋ ಬಟನ್, ಸೆನ್ಸರ್ ಇವುಗಳನ್ನ ಬೈಪಾಸ್ ಮಾಡ್ಸಿರೋ ಮೆಷಿನ್ ಇದ್ರೆ ಇವತ್ತೇ ಸರಿ ಮಾಡ್ಸಿ, ಬ್ಲೇಡ್ ವಿಷಯ ಆಮೇಲೆ.

ಸಾಣೆಗೆ ಕೊಡೋವಾಗ ಅಲಗಿನ ಇಳಿಜಾರಿನ ಆಂಗಲ್ ಎಷ್ಟು ಅಂತ ಬಾಯಿಬಿಟ್ಟು ಹೇಳಿ. ಸಾಮಾನ್ಯ ಪೇಪರ್ ಕೆಲಸಕ್ಕೆ 22ರಿಂದ 25 ಡಿಗ್ರಿ ಒಳಗೆ ಇರುತ್ತೆ, ತೆಳು ಮೆದು ಪೇಪರಿಗೆ ಕಮ್ಮಿ, ಬೋರ್ಡಿಗೆ ಜಾಸ್ತಿ. ನೀವು ಹೇಳ್ದಿದ್ರೆ ಅವ್ರ ಮೆಷಿನ್ನಲ್ಲಿ ಏನ್ ಸೆಟ್ ಆಗಿದ್ಯೋ ಅದೇ. ಇಲ್ಲೇ ಕೊಡಿ, ಬೆಂಗಳೂರಿಗೆ ಬೇಕಾದ್ರೂ ಕಳ್ಸಿ, ಧಾರಾಳವಾಗಿ ನೀರು ಬಿಟ್ಟು ಗ್ರೈಂಡ್ ಮಾಡೋರಿಗೇ ಕೊಡಿ. ವಾಪಸ್ ಬಂದಾಗ ಅಂಚಲ್ಲಿ ನೀಲಿ ಅಥ್ವಾ ಕಂದು ಕಲೆ ಇದ್ರೆ ಸುಟ್ಟಿದೆ ಅಂತ. ಸ್ಟೀಲು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ರೆ ಆ ನೀಲಿ ಬಣ್ಣ ಬರುತ್ತೆ, ಸಾದಾ ಸ್ಟೀಲ್ ಆದ್ರೆ ಗಡಸು ಹೋಗಿರುತ್ತೆ, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಆದ್ರೆ ಅಷ್ಟು ಹೋಗಲ್ಲ ಆದ್ರೂ ಕೂದಲೆಳೆ ಬಿರುಕು ಬಿಟ್ಟಿರ್ಬಹುದು. ವಾಪಸ್ ಕೊಟ್ಟು ಕೇಳಿ, ಸಂಕೋಚ ಬೇಡ. ಮತ್ತೆ ಹಾಕೋ ಮುಂಚೆ ಅಂಚಲ್ಲಿ ತೆಳುವಾಗಿ ಉಳ್ಕೊಂಡಿರೋ ಲೋಹದ ಜುಂಗು, ಬರ್ ಅಂತಾರಲ್ಲ, ಅದನ್ನ ಎಣ್ಣೆ ಕಲ್ಲಲ್ಲಿ ಹಗುರವಾಗಿ ತೆಗೀಬೇಕು, ಬೆನ್ನಿನ ಕಡೆ (ಇಳಿಜಾರು ಇಲ್ದಿರೋ ಚಪ್ಪಟೆ ಮುಖ) ಕಲ್ಲು ಪೂರ್ತಿ ಮಟ್ಟಸವಾಗಿ ಕೂತಿರ್ಲಿ, ಆ ಕಡೆ ಇಳಿಜಾರು ಬಂದ್ರೆ ಕಟಿಂಗ್ ನೆಟ್ಟಗೆ ಬರಲ್ಲ. ಸಾಣೆ ಆದ ಬ್ಲೇಡಿನ ಅಗಲ ಕಮ್ಮಿ ಆಗಿರುತ್ತೆ, ಹಳೇ ಸೆಟ್ಟಿಂಗಲ್ಲೇ ಬಿಗಿಯೋದು ಬೇಡ, ಹೊಸ ಸ್ಟಿಕ್ ಮುಖ ಹಾಕಿ ಎರಡೂ ತುದಿ ಸಮ ತಾಗ್ತಿದ್ಯಾ ಅಂತ ಒಂದು ಹಾಳೆ ಕಟ್ ಮಾಡಿ ನೋಡಿ.

ಆಯುಧಪೂಜೆ ದಿನ ಅಲಗಿಗೆ ಒದ್ದೆ ಕುಂಕುಮ ಹಚ್ಚಿ, ನಿಂಬೆಹಣ್ಣು ಸಿಕ್ಸಿ, ವಿಜಯದಶಮಿ ಮುಗ್ದು ರಜ ಮುಗಿಸ್ಕೊಂಡು ಬಂದು ನೋಡಿದ್ರೆ ಅದೇ ಜಾಗದಲ್ಲಿ ತುಕ್ಕು ಹಿಡಿದಿರುತ್ತೆ, ನಿಂಬೆ ಹುಳಿ ಸ್ಟೀಲನ್ನ ತಿನ್ನುತ್ತೆ. ಪೂಜೆ ಮಾಡಿ, ಖಂಡಿತ ಮಾಡಿ, ಕುಂಕುಮ ಹೂವು ನಿಂಬೆಹಣ್ಣೆಲ್ಲ ಮೆಷಿನ್ ಮೈಗೆ ಇಡಿ, ಅಲಗಿಗೆ ತೆಳ್ಳಗೆ ಮೆಷಿನ್ ಎಣ್ಣೆ ಸವರಿ.

ಬ್ಲೇಡು ಎರಡಿಟ್ಕೊಳ್ಳಿ, ಒಂದು ಮೆಷಿನಲ್ಲಿ ಒಂದು ಸಾಣೆ ಆಗಿ ಕೇಸಲ್ಲಿ. ಎರಡೂ ಒಟ್ಟಿಗೆ ನೋಡೋಕೆ ಆಷಾಢ ಒಳ್ಳೇ ಟೈಮು, ಲಗ್ನಪತ್ರಿಕೆ ಕೆಲಸ ಇರಲ್ಲ, ನೋಟ್‌ಬುಕ್ ಮಾಡೋರಾದ್ರೆ ಮಾತ್ರ ಅದಕ್ಕಿಂತ ಮುಂಚೆ, ಸ್ಕೂಲ್ ಶುರುವಾಗೋ ಮೊದ್ಲೇ ಕಳ್ಸಿಬಿಡಿ.