ಕ್ವೆಸ್ಟ್‌ನಲ್ಲಿ ಧರ್ಮಸಂಕಟ ಬಂದಾಗ ಹೀಗೆ ಮಾಡಿ

(ಕ್ವೆಸ್ಟ್ ಅಂದರೆ ವಿಡಿಯೋ ಗೇಮ್‌ನಲ್ಲಿ ನಿಮಗೆ ಒಪ್ಪಿಸುವ ಕೆಲಸ. ಎಚ್ಚರಿಕೆ: ನಾಲ್ಕೈದು ಆಟಗಳ ಕಥೆಯ ಗುಟ್ಟು ಇಲ್ಲಿ ಬಯಲಾಗುತ್ತದೆ.)

'ದಿ ವಿಚರ್ 3' (2015) ಆಡಿದವರಿಗೆ ಆ ಗುಡ್ಡ ನೆನಪಿರುತ್ತದೆ. ಅದರೊಳಗೆ, ದೊಡ್ಡ ಮರದ ಬೇರುಗಳ ನಡುವೆ ಒಂದು ಆತ್ಮ ಸಿಕ್ಕಿಕೊಂಡಿದೆ. ತನ್ನನ್ನು ಬಿಡಿಸಿದರೆ ಜೌಗಿನ ಮಾಟಗಾತಿಯರ ಕೈಯಿಂದ ಅನಾಥ ಮಕ್ಕಳನ್ನು ಉಳಿಸುತ್ತೇನೆ ಅನ್ನುತ್ತದೆ. ಬಿಡಿಸಿದಿರೋ, ಮಕ್ಕಳು ಉಳಿಯುತ್ತಾರೆ. ಆದರೆ ಡೌನ್‌ವಾರೆನ್ ಹಳ್ಳಿ ನಾಶವಾಗುತ್ತದೆ, ಆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಅನ್ನಾ ಸಾಯುತ್ತಾಳೆ, ಅವಳ ಗಂಡ, ಅಲ್ಲಿನ ಒಡೆಯ ಬ್ಯಾರನ್ ನೇಣು ಹಾಕಿಕೊಳ್ಳುತ್ತಾನೆ. ಆತ್ಮವನ್ನು ಕೊಂದರೆ ಅನ್ನಾ ಬುದ್ಧಿ ಕಳೆದುಕೊಂಡರೂ ಬದುಕುತ್ತಾಳೆ, ಮಕ್ಕಳು ಮಾತ್ರ ಕಾಣುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಇಂಥ ಕಡೆ ಸುಮ್ನೆ ಬಟನ್ ಒತ್ತಬೇಡಿ.

ಮೊದಲು ಎಲ್ಲರ ಮಾತು ಕೇಳಿ

ಗುಡ್ಡದ ಆತ್ಮ ಮಕ್ಕಳ ಬಗ್ಗೆ ಹೇಳುತ್ತದೆ, ಹಳ್ಳಿಗೆ ಏನಾಗುತ್ತದೆ ಅಂತ ಹೇಳುವುದಿಲ್ಲ. ಅದನ್ನು ಕೊಲ್ಲಿಸಬೇಕು ಅನ್ನುವವರಿಗೂ ತಮ್ಮದೇ ಲಾಭ ಇದೆ. ಹಾಗಾಗಿ ಕೆಲಸ ಕೊಟ್ಟವರು ಹೇಳಿದ್ದು ಅರ್ಧ ಕಥೆ ಅಂತಲೇ ಇಟ್ಟುಕೊಳ್ಳಿ. ಅಲ್ಲಿರುವ ಪತ್ರ, ಪುಸ್ತಕ ಓದಿ. ಜರ್ನಲ್ (ಆಟದೊಳಗಿನ ಟಿಪ್ಪಣಿ ಪುಸ್ತಕ) ತೆರೆದು ನೋಡಿ. 'ಮಾಸ್ ಎಫೆಕ್ಟ್' ಸರಣಿಯ ಡೈಲಾಗ್ ಚಕ್ರದಲ್ಲಿ (ಏನು ಮಾತಾಡಬೇಕು ಅಂತ ಆರಿಸುವ ವೃತ್ತ) ಎಡಗಡೆ ಇರುವ ಪ್ರಶ್ನೆಗಳನ್ನು ಎಷ್ಟು ಕೇಳಿದರೂ ತೀರ್ಮಾನ ಆಗಿಬಿಡುವುದಿಲ್ಲ. ಮೊದಲು ಅವನ್ನೆಲ್ಲ ಕೇಳಿ ಮುಗಿಸಿ. ಇನ್ನೊಂದು ವಿಷಯ: ಆ ಚಕ್ರದಲ್ಲಿ ಕಾಣುವುದು ಮಾತಿನ ಸಾರ ಮಾತ್ರ. ಮೆತ್ತಗೆ ಕಂಡ ಸಾಲನ್ನು ನಿಮ್ಮ ಕ್ಯಾರೆಕ್ಟರ್ ಖಾರವಾಗಿ ಹೇಳಬಹುದು.

ಪಾಯಿಂಟ್ ನೋಡಿ ತೀರ್ಮಾನ ಮಾಡಬೇಡಿ

ಜಾಸ್ತಿ ಜನ ಎಡವುವುದು ಇಲ್ಲೇ. 'ಫಾಲ್ಔಟ್ 3' (2008) ಆಟದ ಟೆನ್‌ಪೆನಿ ಟವರ್‌ನಲ್ಲಿ ದುಡ್ಡಿದ್ದವರು ಸುರಕ್ಷಿತವಾಗಿದ್ದಾರೆ. ವಿಕಿರಣದಿಂದ ಚರ್ಮ ಕೊಳೆತುಹೋದ ಘೂಲ್‌ಗಳಿಗೆ ಒಳಗೆ ಜಾಗವಿಲ್ಲ. ನೀವು ಒಬ್ಬೊಬ್ಬರನ್ನೇ ಒಪ್ಪಿಸಿ, ರಕ್ತ ಹರಿಸದೆ ಎರಡೂ ಕಡೆಯವರನ್ನು ಒಟ್ಟಿಗೆ ಇರಿಸುತ್ತೀರಿ. ಆಟ ಒಳ್ಳೆಯ ಕರ್ಮ (ಒಳ್ಳೆಯ, ಕೆಟ್ಟ ಕೆಲಸಕ್ಕೆ ಆಟ ಹಾಕುವ ಅಂಕ) ಕೊಡುತ್ತದೆ. ಸ್ವಲ್ಪ ದಿನ ಬಿಟ್ಟು ಹೋದರೆ ಮನುಷ್ಯರೆಲ್ಲ ಸತ್ತಿದ್ದಾರೆ. ಘೂಲ್‌ಗಳ ನಾಯಕ ರಾಯ್ ಫಿಲಿಪ್ಸ್‌ಗೆ ಅದರ ಬಗ್ಗೆ ಒಂದಿಷ್ಟೂ ಬೇಸರವಿಲ್ಲ. ಸಿಟ್ಟಿನಿಂದ ಅವನನ್ನು ಕೊಂದರೆ ಕೆಟ್ಟ ಕರ್ಮ ಬೀಳುವುದು ನಿಮಗೆ! ಇದನ್ನು ನೋಡಿದಾಗ ನನಗೆ ನಿಜಕ್ಕೂ ನೋವಾಯಿತು. ಆದರೆ ಮೀಟರ್ ಬೇರೆ, ಮಾಡಿದ ಕೆಲಸ ಬೇರೆ ಅನ್ನುವುದು ಅಲ್ಲೇ ಗೊತ್ತಾಯಿತು. ಅಂಕ ಎಷ್ಟು ಬಂತು ಅನ್ನುವುದಕ್ಕಿಂತ ಯಾರಿಗೆ ಏನಾಗಬಹುದು ಅಂತ ಯೋಚಿಸಿ.

ಮೂರನೇ ದಾರಿ ಹುಡುಕಿ

ತೆರೆಯ ಮೇಲೆ ಎರಡೇ ಆಪ್ಷನ್ ಇದ್ದರೆ ಎರಡೇ ದಾರಿ ಅಂತಲ್ಲ. 'ಡ್ರ್ಯಾಗನ್ ಏಜ್: ಒರಿಜಿನ್ಸ್'ನಲ್ಲಿ (2009) ಕಾನರ್ ಎಂಬ ಹುಡುಗನ ಮೈಮೇಲೆ ಪಿಶಾಚಿ ಬಂದಿರುತ್ತದೆ. ಹುಡುಗನನ್ನು ಕೊಲ್ಲಬೇಕು, ಇಲ್ಲವೇ ಅವನ ತಾಯಿ ಬಲಿಯಾಗಬೇಕು ಅನ್ನಿಸುತ್ತದೆ. ಮಾಂತ್ರಿಕರ ಗೋಪುರಕ್ಕೆ ಹೋಗಿ, ಅವರನ್ನು ಉಳಿಸಿ, ಅವರ ಸಹಾಯ ತಂದರೆ ಇಬ್ಬರೂ ಬದುಕುತ್ತಾರೆ. ಅಷ್ಟು ದೂರ ಹೋಗಿ ಬಂದರೂ ಅಷ್ಟರಲ್ಲಿ ಹುಡುಗನ ಊರಲ್ಲಿ ಯಾರಿಗೂ ಏನೂ ಆಗಿರುವುದಿಲ್ಲ.

ಎಲ್ಲ ಆಟವೂ ಹೀಗೆ ಕಾಯುವುದಿಲ್ಲ. 'ಬಾಲ್ಡರ್ಸ್ ಗೇಟ್ 3'ರಲ್ಲಿ (2023) ಹೊತ್ತಿ ಉರಿಯುವ ಛತ್ರ ಕಂಡ ಮೇಲೆ ಕ್ಯಾಂಪ್‌ಗೆ ಹೋಗಿ ರಾತ್ರಿ ಮಲಗಿ ಎದ್ದರೆ, ಒಳಗೆ ಸಿಕ್ಕಿಕೊಂಡವರು ಉಳಿಯುವುದಿಲ್ಲ. ಬೆಂಕಿ, ವಿಷದ ಹೊಗೆ ಕಂಡರೆ ತಡ ಮಾಡಬೇಡಿ.

ಸೇವ್ ಮಾಡಿ, ಆದರೆ ತಕ್ಷಣ ಲೋಡ್ ಮಾಡಬೇಡಿ

ಆಯ್ಕೆಗೆ ಮುಂಚೆ ಬೇರೆ ಸ್ಲಾಟ್‌ನಲ್ಲಿ ಒಂದು ಸೇವ್ ಇರಲಿ. ಬಗ್ (ಆಟದಲ್ಲಿನ ದೋಷ) ಬಂದರೆ ಬೇಕಾಗುತ್ತದೆ. ಆಮೇಲೆ ಫಲ ಹಿಡಿಸದಿದ್ದರೂ ಆ ಸೇವ್‌ಗೆ ವಾಪಸ್ ಹೋಗದೆ (ಲೋಡ್ ಮಾಡದೆ) ಮುಂದೆ ಹೋಗಿ. 2007ರ ಮೊದಲ 'ವಿಚರ್'ನಲ್ಲಿ ಕೆಲವು ಆಯ್ಕೆಗಳ ಫಲ ಗಂಟೆಗಟ್ಟಲೆ ಆಡಿದ ಮೇಲೆ ಕಾಣುತ್ತದೆ. ಅಷ್ಟು ಹಿಂದಕ್ಕೆ ಹೋಗುವ ಮನಸ್ಸು ಯಾರಿಗೂ ಬರಲ್ಲ, ಅಲ್ವಾ? ಗೈಡ್ ಓದುವುದನ್ನೂ ಆಟ ಮುಗಿಯುವವರೆಗೆ ಮುಂದಕ್ಕೆ ಹಾಕಿ.

ಕಾರಣ ಬರೆದಿಡಿ

ಬಟನ್ ಒತ್ತುವ ಮುಂಚೆ ಒಂದೇ ಸಾಲು ಸಾಕು: ಇದನ್ನು ಯಾಕೆ ಆರಿಸಿದೆ? ಗುಡ್ಡದ ಮುಂದೆ ಮೊದಲ ಸಲ ನಾನು ಬರೆದದ್ದು, 'ಮಕ್ಕಳು ಉಳಿಯಲಿ.' ಎರಡನೇ ಸಲ ಆತ್ಮವನ್ನು ಕೊಂದು ಜೌಗಿಗೆ ವಾಪಸ್ ಹೋದೆ. ಮಕ್ಕಳು ಅಲ್ಲಿರಲಿಲ್ಲ. ಆ ಸಲದ ಸಾಲಿನಲ್ಲಿ ಅವರ ಹೆಸರೇ ಇರಲಿಲ್ಲ.